ಅತ್ತೆ, ಸೋಮವಾರ

ಊಟದ ಡಬ್ಬಿ ಕಟ್ಟುವ ಹೊತ್ತಿಗೆ ಗ್ರಾಂ ಮಾಮ ಬಾಯಿ ಬಿಟ್ಟ. ಆಗಬಾರದ್ದೆಲ್ಲ ಅಲ್ಲಿಂದಲೇ ಶುರುವಾಯಿತು.

"ಅತ್ತೆ, ಸೊಪ್ಪಿಗೆ ಉಪ್ಪು ಸ್ವಲ್ಪ ಜಾಸ್ತಿ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ತಲೆ ಬಾಚುತ್ತಿದ್ದ ಹೆಂಡತಿಯ ಬಾಚಣಿಗೆ ಕೂದಲಲ್ಲೇ ಸಿಕ್ಕಿಕೊಂಡಿತು.

"ಜಾಸ್ತಿ ಅಂದ್ರೆ ಎಷ್ಟು, ಅಳಿಯಂದ್ರೇ?"

"ಎಷ್ಟು ಅಂದ್ರೆ... ಜಾಸ್ತಿ."

"ಊರೋರ ಬಾಯಿಗೆ ಹೋಗೋದನ್ನೆಲ್ಲ ಗ್ರಾಂ ಲೆಕ್ಕದಲ್ಲಿ ಹೇಳೋರು ನೀವು. ನನ್ನ ಸೊಪ್ಪಿಗೆ ಮಾತ್ರ ಬರೀ ‘ಜಾಸ್ತಿ’ನಾ? ನಂಬರ್ ಹೇಳಿ."

ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗ್ರಾಂ ಮಾಮ ಆಹಾರ ಪ್ರಯೋಗಾಲಯದಲ್ಲಿ ಸಹಾಯಕ. ಮನೆಮನೆಗೆ ಹೋಗಿ ಬೇಯಿಸಿದ ಅಡುಗೆ ತರುವುದು, ರುಬ್ಬಿಸುವುದು, ಅದರಲ್ಲಿ ಉಪ್ಪೆಷ್ಟು, ಕೊಬ್ಬೆಷ್ಟು, ಕಬ್ಬಿಣವೆಷ್ಟು ಎಂದು ಅಳೆದು ಪಟ್ಟಿಗೆ ಸೇರಿಸುವುದು ಅವನ ಕೆಲಸ. ಆ ಪಟ್ಟಿ ನೋಡಿಯೇ ಆಸ್ಪತ್ರೆಯವರು ರೋಗಿಗೆ, ಶಾಲೆಯವರು ಮಕ್ಕಳಿಗೆ ಬಡಿಸುತ್ತಿದ್ದರು. ಕಟ್ಟಡದವರು ಅವನಿಗೆ ಗ್ರಾಂ ಮಾಮ ಎಂದು ಹೆಸರಿಟ್ಟದ್ದು ಇದಕ್ಕೇ. ಆದರೆ ತನ್ನ ತಟ್ಟೆಯ ಲೆಕ್ಕ ಕೇಳುವ ಧೈರ್ಯ ಮದುವೆಯಾದಾಗಿನಿಂದ ಅವನಿಗೆ ಬಂದಿರಲಿಲ್ಲ. ಅತ್ತೆಯ ಉಪ್ಪಿನ ಡಬ್ಬ ಮೇಲಿನ ಕಪಾಟಿನಲ್ಲಿ, ಯಾರಿಗೂ ಮಣಿಯದ ದೊರೆಯಂತೆ, ನೆಗ್ಗಿದ ಮುಚ್ಚಳದ ಕಿರೀಟ ತೊಟ್ಟು ಕೂತಿರುತ್ತಿತ್ತು. ಬೇರೆಯವರು ಮುಟ್ಟುವಂತಿರಲಿಲ್ಲ.

"ರೀ, ಸುಮ್ನಿರಿ," ಎಂದಳು ಹೆಂಡತಿ. "ನಿಮ್ಮ ನಾಲಿಗೇಲೇ ಏನೋ ದೋಷ ಇದೆ."

"ಸುಮ್ನಿರಲ್ಲ!" ಎಂದ ಗ್ರಾಂ ಮಾಮ. ತನ್ನ ದನಿಗೆ ತಾನೇ ಬೆಚ್ಚಿದ. ಆಡಿಯಾಗಿತ್ತು, ನುಂಗುವಂತಿರಲಿಲ್ಲ. "ಸಂಜೆ ನಂಬರ್ ತರ್ತೀನಿ."

"ತನ್ನಿ. ಗೆದ್ರೆ ಉಪ್ಪಿನ ಡಬ್ಬ ನಿಮ್ಮ ಕೈಗೆ. ಸೋತ್ರೆ, ಊಟಕ್ಕೆ ಕೂತಾಗ ನಿಮ್ಮ ಬಾಯಿ ಇರೋದು ತಿನ್ನೋಕೆ ಮಾತ್ರ."

ಆ ಕಟ್ಟಡದ ಗೋಡೆಗಳು ಹಪ್ಪಳದಷ್ಟು ತೆಳು. ಅವನು ಚಪ್ಪಲಿ ಹಾಕುವಷ್ಟರಲ್ಲಿ ಪಂಥದ ಸುದ್ದಿ ಮೆಟ್ಟಿಲಿಳಿದು ಹೋಗಿತ್ತು. ಮೊದಲ ತಿರುವಿನಲ್ಲೇ ನಿವೃತ್ತ ಮೇಷ್ಟ್ರು ಕೈ ಚಾಚಿ ನಿಂತಿದ್ದರು.

"ಪ್ರಯೋಗಾಲಯ ಯಾಕಪ್ಪಾ? ನಾಲಿಗೆ ಇದೆಯಲ್ಲ. ತೆಗಿ ಡಬ್ಬಿ."

ಒಂದು ತುತ್ತು ಬಾಯಿಗಿಟ್ಟ ಮೇಷ್ಟ್ರ ಕಣ್ಣಲ್ಲಿ ನೀರಾಡಿತು. "ಅಯ್ಯೋ, ಸಮುದ್ರ!"

ಕೆಳಗಿನ ಅಂಗಡಿಯ ಟೈಲರ್ ತುಟಿಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗಿಗೆ ಚುಚ್ಚಿಕೊಂಡು ತಾನೂ ತಿಂದ. "ಏನ್ ಮೇಷ್ಟ್ರೇ, ಉಪ್ಪೇ ಇಲ್ವಲ್ಲ ಇದಕ್ಕೆ!"

"ಪಿನ್ನು ಚೀಪೋ ನಾಲಿಗೆಗೆ ಏನು ಗೊತ್ತಾಗುತ್ತೆ? ಇನ್ನೊಂದ್ಸಲ ತಿನ್ನು."

ಅವನು ಇನ್ನೊಂದು ಸಲ ತಿಂದ. ಮೇಷ್ಟ್ರೂ ತಿಂದರು. ಇಬ್ಬರ ಜಗಳ ಬಗೆಹರಿಸಲು, ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ನರ್ಸಮ್ಮನನ್ನು ಕರೆದರು. ಆಕೆ ಡಬ್ಬಿಯನ್ನೇ ಕೈಗೆತ್ತಿಕೊಂಡು, ತಳ ಕೆರೆದು, ಮುಚ್ಚಳ ಹಾಕಿ ವಾಪಸ್ ಕೊಟ್ಟಳು.

"ಹೇಗಿತ್ತಮ್ಮಾ ಉಪ್ಪು?"

"ನೋಡ್ಲಿಲ್ಲ ಸಾರ್. ಹಸಿವಾಗಿತ್ತು."

ಖಾಲಿ ಡಬ್ಬಿ ಹಿಡಿದು ಬಸ್ಸಿನಲ್ಲಿ ಕೂತ ಗ್ರಾಂ ಮಾಮನಿಗೆ ಅರ್ಧ ದಾರಿಯಲ್ಲಿ ಮೈ ಜುಮ್ಮೆಂದಿತು. ಪುರಾವೆ ಇದೆ! ಅತ್ತೆಯ ಕಟ್ಟಪ್ಪಣೆಯಂತೆ ಡಬ್ಬಿ ದಿನಾ ಖಾಲಿಯಾಗಿ ಮನೆಗೆ ಬರಬೇಕಿತ್ತು. ಸೊಪ್ಪು ಗಂಟಲಿಗಿಳಿಯುತ್ತಿರಲಿಲ್ಲ, ಚೆಲ್ಲಲು ಮನಸ್ಸು ಬರುತ್ತಿರಲಿಲ್ಲ. ಹಾಗಾಗಿ ಅವನು ಎಷ್ಟೋ ದಿನಗಳಿಂದ ಅದನ್ನು ಮಾದರಿ ಹಾಕುವ ಪುಟ್ಟ ಬಿಳಿ ಡಬ್ಬಿಗಳಿಗೆ ತುಂಬಿ ಪ್ರಯೋಗಾಲಯದ ಫ್ರೀಜರ್‌ನ ಮೂಲೆಗೆ ತಳ್ಳುತ್ತ ಬಂದಿದ್ದ. ಚೀಟಿ ಅಂಟಿಸದೆ ಡಬ್ಬಿ ಇಡುವುದು ಅವನ ಕೈಗೆ ಗೊತ್ತಿರಲಿಲ್ಲ. ಚೀಟಿಯನ್ನೂ ಅಂಟಿಸಿದ್ದ.

ಅವನು ಓಡಿ ಬಂದಾಗ ಫ್ರೀಜರ್ ಬಾಗಿಲು ತೆರೆದಿತ್ತು. ಎದುರಿಗೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ. ಅವರ ತಲೆ ಆಗಲೇ ಬಿಸಿಯಾಗಿತ್ತು. ಉಪ್ಪು ಅಳೆಯುವ ಮೀಟರು ವಾರದಿಂದ ಬೆಳಿಗ್ಗೆ ಒಂದು ಹೇಳಿ ಮಧ್ಯಾಹ್ನ ಇನ್ನೊಂದು ಹೇಳುತ್ತಿತ್ತು. ಅದರ ಕಿವಿ ಹಿಂಡಬೇಕಾದರೆ ಉಪ್ಪಿನಂಶ ಎಂದೂ ಬದಲಾಗದ ಒಂದು ಆಹಾರವನ್ನು ದಿನಾ ಅದಕ್ಕೆ ತೋರಿಸಬೇಕಿತ್ತು. ಅಂಥ ಆಹಾರ ಹೊರಗಿನಿಂದ ಬರುತ್ತಿತ್ತು. ಅದು ಮುಗಿದು, ಹೊಸದು ಇನ್ನೂ ಬಂದಿರಲಿಲ್ಲ. ಇದರ ಮಧ್ಯೆ ಫ್ರೀಜರ್ ಬಾಗಿಲು ಹಾಕಿಕೊಳ್ಳದಷ್ಟು ತುಂಬಿಹೋಗಿತ್ತು. ಮೇಡಂ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಜೋರಾಗಿ ಓದುತ್ತಿದ್ದರು.

"ಅತ್ತೆ, ಸೋಮವಾರ. ಅತ್ತೆ, ಮಂಗಳವಾರ. ಅತ್ತೆ, ಬುಧವಾರ... ಏನ್ರೀ ಇದು? ಅತ್ತೆನ ಕಂತಿನ ಮೇಲೆ ಫ್ರೀಜರಿಗೆ ಹಾಕ್ತಿದೀರಾ?"

"ನಾನೇನೂ ರುಬ್ಬಿಕೊಟ್ಟಿಲ್ಲ ಮೇಡಂ!" ಎಂದ ಮೂಲೆಯಲ್ಲಿ ಮಾದರಿ ರುಬ್ಬುತ್ತಿದ್ದ ಗ್ರೈಂಡರಣ್ಣ.

"ಎಲ್ಲ ತೆಗೆದು ಹೊರಗೆ ಎಸೀರಿ."

ಗ್ರಾಂ ಮಾಮ ಫ್ರೀಜರ್‌ಗೆ ಅಡ್ಡ ನಿಂತು ಎರಡೂ ಕೈ ಚಾಚಿದ. ಬೆನ್ನು ತಣ್ಣಗೆ, ಎದೆ ಕುದಿಯುವ ಹಂಡೆ.

"ಎಸೆಯೋಕೆ ಬಿಡಲ್ಲ ಮೇಡಂ. ನಾವು ಮನೆಗಳಿಗೆ ಮುಂಚೆನೇ ಹೇಳಿ ಹೋಗ್ತೀವಿ. ನಾವು ಬರ್ತೀವಿ ಅಂತ ಗೊತ್ತಿದ್ದೂ ದಿನಾ ಮಾಡೋ ಅಡುಗೇನೇ ಯಾರು ಮಾಡ್ತಾರೆ? ಎಣ್ಣೆ ಕಡಿಮೆ, ಉಪ್ಪು ಕಡಿಮೆ, ಮೇಲೆ ಕೊತ್ತಂಬರಿ ಅಲಂಕಾರ ಬೇರೆ! ಮದುವೆ ಫೋಟೋ ನೋಡಿ, ಇವರ ಮುಖ ದಿನಾ ಹೀಗೇ ಇರುತ್ತೆ ಅಂತ ಬರೆದ ಹಾಗೆ. ಈ ಸೊಪ್ಪು ಮಾಡಿದೋರಿಗೆ ಇದು ಪರೀಕ್ಷೆಗೆ ಬರುತ್ತೆ ಅಂತ ಗೊತ್ತೇ ಇರ್ಲಿಲ್ಲ. ಇಡೀ ಫ್ರೀಜರ್‌ನಲ್ಲಿ ನಿಜ ಹೇಳೋ ಡಬ್ಬಿ ಇವೇ. ಅಳೀರಿ. ಆಮೇಲೆ ಬೇಕಾದ್ರೆ ನನ್ನನ್ನೂ ಸೇರಿಸಿ ಎಸೀರಿ!"

ಮೇಡಂ ಅವನನ್ನು, ತಾವೇ ಸಾಕಿದ ಬೆಕ್ಕು ಬೊಗಳಿದ್ದನ್ನು ಕಂಡವರಂತೆ ನೋಡಿದರು.

"ರುಬ್ಬಪ್ಪಾ," ಎಂದರು ಗ್ರೈಂಡರಣ್ಣನಿಗೆ.

ಮೀಟರನ್ನು ನಂಬದೆ ಅವರು ಹಳೆಯ ವಿಧಾನ ಹಿಡಿದರು: ರುಬ್ಬಿದ್ದನ್ನು ನೀರಿಗೆ ಕಲಸಿ, ಬಣ್ಣ ತಿರುಗುವ ತನಕ ಔಷಧಿಯ ಹನಿ ಎಣಿಸಿ ಬಿಡುವುದು; ಹನಿ ಹೆಚ್ಚಿದಷ್ಟೂ ಉಪ್ಪು ಹೆಚ್ಚು. ಮೊದಲ ಲೋಟ ಬಣ್ಣ ತಿರುಗಿದಾಗ ಗ್ರಾಂ ಮಾಮ ಕುಣಿದೇಬಿಟ್ಟ. ಬೇರೆ ಮನೆಗಳ ಸೊಪ್ಪಿನ ಸರಾಸರಿಗಿಂತ ಸರಿಯಾಗಿ ಎರಡರಷ್ಟು ಉಪ್ಪು!

"ಗೆದ್ದೆ! ನನ್ನ ನಾಲಿಗೆ ಗೆದ್ದಿತು!"

ಮೇಡಂ ಕುಣಿಯಲಿಲ್ಲ. ಎರಡನೆಯದಕ್ಕೆ ಹನಿ ಬಿಟ್ಟರು. ಮೂರನೆಯದಕ್ಕೆ ಬಿಟ್ಟರು. ಕನ್ನಡಕ ಒರೆಸಿಕೊಂಡು ಸೋಮವಾರದಿಂದ ಮತ್ತೆ ಶುರುಮಾಡಿದರು. ಸಂಜೆಯ ಹೊತ್ತಿಗೆ ಅವರ ಮುಖದಲ್ಲಿ ಗ್ರಾಂ ಮಾಮ ಎಂದೂ ಕಾಣದ ಒಂದು ನಗೆ ಅರಳಿತ್ತು.

"ನಾನೂ ನಿಮ್ಮನೆಗೆ ಬರ್ತೀನಿ ನಡೀರಿ," ಎಂದರು.

ಸಾಕ್ಷಿಗೆ ಸ್ವತಃ ಮೇಡಂ! ಗ್ರಾಂ ಮಾಮ ಮೆಟ್ಟಿಲು ಹತ್ತುವಾಗ ಮೇಷ್ಟ್ರು, ಟೈಲರ್, ಈಗಷ್ಟೇ ಎದ್ದ ನರ್ಸಮ್ಮ ಎಲ್ಲ ಹಿಂದೆ ಬಂದರು. ಅಡುಗೆಮನೆ ಬಾಗಿಲಲ್ಲಿ ಅತ್ತೆ, ಅವರ ಬೆನ್ನಿಗೆ ಹೆಂಡತಿ.

"ಅಮ್ಮಾ, ನಿಮ್ಮ ಅಳಿಯ ಹೇಳಿದ್ದು ನಿಜ," ಎಂದರು ಮೇಡಂ. "ಸೊಪ್ಪಿಗೆ ಉಪ್ಪು ಎರಡರಷ್ಟಿದೆ."

ಅತ್ತೆಯ ತುಟಿ ಬಿಗಿಯಿತು. ಆದರೆ ಮಾತಿಗೆ ತಪ್ಪುವವರಲ್ಲ. ಸ್ಟೂಲು ಹತ್ತಿ, ಡಬ್ಬ ಇಳಿಸಿ, ಸೆರಗಿನಿಂದ ಒರೆಸಿ ಅಳಿಯನ ಕೈಗಿಟ್ಟರು. ಟೈಲರ್ ಚಪ್ಪಾಳೆ ತಟ್ಟಿದ. ಗ್ರಾಂ ಮಾಮ ಡಬ್ಬವನ್ನು ತಲೆಯ ಮೇಲೆತ್ತಿ ಹಿಡಿದ. ತಲೆಗೆ ಒಂದಿಷ್ಟು ಉಪ್ಪು ಉದುರಿತು. ಅದೂ ಹಿತವಾಗಿಯೇ ಇತ್ತು.

"ಆದ್ರೆ ಅಮ್ಮಾ," ಎಂದು ಮೇಡಂ ಅತ್ತೆಯ ಕೈ ಹಿಡಿದುಕೊಂಡರು, "ಅಷ್ಟೂ ಡಬ್ಬಿ ಅಳೆದೆ. ಸೋಮವಾರ ಎಷ್ಟೋ ಮಂಗಳವಾರವೂ ಅಷ್ಟೇ. ಒಂದು ಹನಿ ಆಚೆ ಇಲ್ಲ, ಈಚೆ ಇಲ್ಲ! ನಾನು ಇಂಥದ್ದಕ್ಕೇ ಕಾಯ್ತಿದ್ದೆ. ಇನ್ಮೇಲೆ ನಮ್ಮ ಮೀಟರಿಗೆ ನಿಮ್ಮ ಸೊಪ್ಪೇ ಅಳತೆಗಲ್ಲು. ದಿನಾ ಒಂದು ಡಬ್ಬಿ ಕಳಿಸಬೇಕು. ದಮ್ಮಯ್ಯ, ಒಂದು ಚಿಟಿಕೆನೂ ಬದಲಾಯಿಸಬೇಡಿ."

ಅತ್ತೆ ಮೆಲ್ಲಗೆ ಅಳಿಯನ ಕಡೆ ಬೆರಳು ತೋರಿಸಿದರು. "ಉಪ್ಪಿನ ಡಬ್ಬ ಈಗ ಅವರದಲ್ವಾ?"

"ಛೆ ಛೆ, ಕೈ ಬದಲಾದ್ರೆ ಎಲ್ಲ ಹಾಳು!" ಮೇಡಂ ಗ್ರಾಂ ಮಾಮನ ಕೈಯಿಂದ ಡಬ್ಬ ಕಿತ್ತು ಅತ್ತೆಗೆ ಕೊಟ್ಟರು. "ಅದೇ ಪಾತ್ರೆ, ಅದೇ ಕೈ. ತಿನ್ನೋರೂ ಅಷ್ಟೇ ಜನ ಇರಬೇಕು, ಇಲ್ದಿದ್ರೆ ಅಡುಗೆ ಅಳತೆ ತಪ್ಪುತ್ತೆ. ಇವರು ಸರಿಯಾಗಿ ತಿಂತಾರಾ ನೋಡ್ಕೊಳ್ಳಿ. ಮತ್ತೆ ಫ್ರೀಜರಿಗೆ ತುಂಬಿಸ್ಬಾರ್ದು."

"ಫ್ರೀಜರಿಗಾ?" ಎಂದಳು ಹೆಂಡತಿ.

ಮೇಡಂ ಹೋದರು. ನೆರೆಯವರೂ ಚದುರಿದರು. ಫ್ರೀಜರಿನ ವಿಚಾರಣೆ ಮುಗಿಯುವಷ್ಟರಲ್ಲಿ ತಟ್ಟೆ ಹಾಕಿಯಾಗಿತ್ತು. ಗ್ರಾಂ ಮಾಮ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. ಡಬ್ಬ ಹೋದರೇನು? ಪಂಥ ಗೆದ್ದವನು ತಾನೇ, ಬಾಯಿ ಇನ್ನೂ ತನ್ನದೇ. ಒಂದು ತುತ್ತು ತಿಂದ. ಒಂದು ಚೊಂಬು ನೀರು ಕುಡಿದ. ಅತ್ತೆಯನ್ನೇ ದಿಟ್ಟಿಸಿ ಹೇಳಿದ:

"ಉಪ್ಪು ಜಾಸ್ತಿ."

"ಎಷ್ಟು?" ಎಂದರು ಅತ್ತೆ.

ಅವನ ನಾಲಿಗೆಗೆ ಸುಳ್ಳು ಹೇಳಲು ಬರಲಿಲ್ಲ.

"ನಿನ್ನೆಯಷ್ಟೇ."

ಅತ್ತೆಯ ಮುಖ ಊರಗಲ ಅರಳಿತು. ಮಗಳ ಕಡೆ ಒಮ್ಮೆ ನೋಡಿ, ಅಳಿಯನ ತಟ್ಟೆಗೆ ಇನ್ನೊಂದು ಸೌಟು ಸೊಪ್ಪು ಬಡಿಸಿದರು.