ಹಪ್ಪಳ ಒಡೆಯುವ ನಿಯಮಾವಳಿ

ಸೀತಾಂಗೋಳಿ ಮಹಿಳಾ ಹಲಸಿನ ಹಪ್ಪಳ ಉತ್ಪಾದಕರ ಸಂಘದ ಅಧ್ಯಕ್ಷರ ಹೆಸರು ಕೂಸಪ್ಪ. ನಿಯಮದ ಪ್ರಕಾರ ಅಧ್ಯಕ್ಷ ಸ್ಥಾನದಲ್ಲಿ ಮಹಿಳೆಯೇ ಇರತಕ್ಕದ್ದು. ಆದ್ದರಿಂದ ಆ ಸ್ಥಾನದಲ್ಲಿ ಅವರ ಹೆಂಡತಿ ಇದ್ದಾರೆ. ಆದರೆ ಹೆಂಡತಿಗೆ ಮನೆಯಲ್ಲಿ ಕೆಲಸ ಉಂಟು. ಹಾಗಾಗಿ ಸಭೆಗೆ ಬರುವುದು, ಮಾತನಾಡುವುದು, ಚಾ ಕುಡಿಯುವುದು ಮತ್ತು ತೀರ್ಮಾನಿಸುವುದು ಕೂಸಪ್ಪಣ್ಣ. ರುಜು ಮಾತ್ರ ಹೆಂಡತಿಯದ್ದು, ಅದನ್ನೂ ಕೂಸಪ್ಪಣ್ಣನೇ ಹಾಕುತ್ತಾರೆ. ಇದರಿಂದ ಸಂಘದ ಕಾರ್ಯಕಲಾಪಗಳಿಗೆ ಈವರೆಗೆ ಯಾವ ಅಡಚಣೆಯೂ ಉಂಟಾಗಿಲ್ಲ.

ಸಂಘದಲ್ಲಿ ಇಪ್ಪತ್ತೆರಡು ಮಂದಿ ಸದಸ್ಯೆಯರು, ಒಂದು ಶೀಟ್ ಹಾಕಿದ ಶೆಡ್ಡು ಮತ್ತು ಒಂದು ಕಂಪ್ಯೂಟರ್ ಇದ್ದವು. ಕಂಪ್ಯೂಟರಿನ ಎದುರು ಕೂರುವವರು ಕಾರ್ಯದರ್ಶಿ ಹರಿಣಾಕ್ಷಿ. ಹಪ್ಪಳದ ಮಣೆಯ ಎದುರು ಕೂರುವವರಲ್ಲಿ ಮೊದಲಿಗರು ಮೋಹಿನಿಯಕ್ಕ. ಮೂವತ್ತು ವರ್ಷದಿಂದ ಹಪ್ಪಳ ಒತ್ತಿದ ಕೈ ಅದು. ಅವರು ಒತ್ತಿದ ನೂರು ಹಪ್ಪಳವನ್ನು ಒಂದರ ಮೇಲೊಂದು ಪೇರಿಸಿದರೆ ಕಂಬದ ಹಾಗೆ ನಿಲ್ಲುತ್ತಿತ್ತು, ಒಂದರ ಅಂಚೂ ಹೊರಗೆ ಇಣುಕುತ್ತಿರಲಿಲ್ಲ. ಚಾಪೆಯಿಂದ ಎತ್ತುವಾಗ ಯಾರಾದರೂ ಒಂದು ಹಪ್ಪಳ ಮುರಿದರೆ ಮೋಹಿನಿಯಕ್ಕ ಆ ದಿನ ಅವರ ಹತ್ತಿರ ಮಾತಾಡುತ್ತಿರಲಿಲ್ಲ.

೨೦೧೭ರ ಆರಂಭದಲ್ಲಿ ಹರಿಣಾಕ್ಷಿ ಸಂಘಕ್ಕೊಂದು ವೆಬ್‌ಸೈಟ್ ಮಾಡಿಸಿದರು. ಊರು ಬಿಟ್ಟು ದುಬೈ, ದೋಹಾ, ಮುಂಬೈ ಸೇರಿದವರಿಗೆಲ್ಲ ಒಮ್ಮೆಲೇ ಹಲಸಿನ ಹಪ್ಪಳದ ನೆನಪಾಯಿತು. ದಿನಕ್ಕೆ ನಾನೂರು ಆರ್ಡರ್ ಬರತೊಡಗಿತು. ಗಿರಾಕಿಗಳು ಸಂಘದ ಖಾತೆಗೆ ಹಣ ಹಾಕಿ ರಶೀದಿಯ ಫೋಟೋವನ್ನು ಮೊಬೈಲಿಗೆ ಕಳಿಸಬೇಕಿತ್ತು. ಹರಿಣಾಕ್ಷಿ ದಿನಕ್ಕೆ ನಾನೂರು ಫೋಟೋ ನೋಡುತ್ತಿದ್ದರು. ಒಬ್ಬರು ರಶೀದಿಯ ಬದಲು ಮಗುವಿನ ಬರ್ತ್‌ಡೇ ಫೋಟೋ ಕಳಿಸಿದರು. ಕಣ್ಣು ಕತ್ತಲೆ ಬಂದಿದ್ದ ಹರಿಣಾಕ್ಷಿ ಅದಕ್ಕೂ ಎರಡು ಕಟ್ಟು ಹಪ್ಪಳ ಕಳಿಸಿದರು.

"ಇನ್ನು ನನ್ನಿಂದ ಆಗುದಿಲ್ಲ ಕೂಸಪ್ಪಣ್ಣ," ಎಂದು ಅವರು ಸಭೆಯಲ್ಲಿ ಹೇಳಿದರು. "ಗಿರಾಕಿ ಕಾರ್ಡಿನ ನಂಬರ್ ಒತ್ತಿದ ಕೂಡಲೇ ಹಣ ನಮ್ಮ ಬ್ಯಾಂಕಿಗೆ ಬಂದು ಬೀಳುವ ಹಾಗೆ ಮಾಡುವ ಕಂಪೆನಿಗಳು ಉಂಟು. ಒಂದನ್ನು ಗೊತ್ತು ಮಾಡುವ."

"ಧಾರಾಳ," ಎಂದರು ಕೂಸಪ್ಪಣ್ಣ. "ಆದರೆ ಮೂರು ಕೊಟೇಶನ್ ಬೇಕು. ಅತಿ ಕಡಿಮೆಯದ್ದಕ್ಕೆ ಕೊಡಬೇಕು. ಅದು ಕಾನೂನು."

ಮೂರು ಕಂಪೆನಿಯವರು ಬಂದರು. ಮೊದಲನೆಯವರು, 'ದ್ರುತಪಾವತಿ' ಎಂಬ ಕಂಪೆನಿಯ ಈಶ್ವರಪ್ರಸಾದ, ಟೈ ಕಟ್ಟಿದ ಸೌಮ್ಯ ಮನುಷ್ಯ. ಮಾರಾಟದ ಪ್ರತಿ ನೂರು ರೂಪಾಯಿಗೆ ಎರಡು ರೂಪಾಯಿ ಅವರ ಪಾಲು. ಎರಡನೆಯ ಕಂಪೆನಿಗೆ ತಿಂಗಳಿಗೆ ಐದು ಸಾವಿರ ಕೊಟ್ಟರೆ ಸಾಕು, ಮಾರಾಟ ಎಷ್ಟೇ ಆಗಲಿ. ಮೂರನೆಯವರು ನೂರಕ್ಕೆ ಹತ್ತನ್ನು ಠೇವಣಿಯಾಗಿ ಇಟ್ಟುಕೊಂಡು ಆರು ತಿಂಗಳು ಕಳೆದು ಪೂರ್ತಿ ಹಿಂದೆ ಕೊಡುವವರು. ಅವರಿಗೆ ಬೇರೆ ಶುಲ್ಕ ಇರಲಿಲ್ಲ.

ಕೂಸಪ್ಪಣ್ಣ ಮೂರೂ ಕಾಗದಗಳನ್ನು ಮೇಜಿನ ಮೇಲೆ ಹರಡಿದರು.

"ಎರಡು. ಐದು ಸಾವಿರ. ಹತ್ತು," ಎಂದು ಗಟ್ಟಿಯಾಗಿ ಓದಿದರು. "ಇದರಲ್ಲಿ ಕಡಿಮೆ ಎರಡು."

ಹರಿಣಾಕ್ಷಿ ಎದ್ದು ನಿಂತರು. "ಕೂಸಪ್ಪಣ್ಣ, ನಮ್ಮ ಮಾರಾಟ ತಿಂಗಳಿಗೆ ಮೂವತ್ತು ಲಕ್ಷ. ನೂರಕ್ಕೆ ಎರಡು ಅಂದರೆ ಅರುವತ್ತು ಸಾವಿರ ಆಗ್ತದೆ. ಅದಕ್ಕಿಂತ ಐದು ಸಾವಿರದ್ದೇ ಕಡಿಮೆ."

ಕೂಸಪ್ಪಣ್ಣ ಕನ್ನಡಕ ತೆಗೆದು ಅವರನ್ನು ನೋಡಿದರು. "ಅಲ್ಲ ಹರಿಣಾಕ್ಷಿ, ನಾಳೆ ಆಡಿಟಿನವರು ಬಂದು ಕೇಳಿದರೆ, ಎರಡಕ್ಕಿಂತ ಐದು ಸಾವಿರ ಕಡಿಮೆ ಅಂತ ನೀನು ಬರೆದು ಕೊಡ್ತೀಯಾ?"

ಹರಿಣಾಕ್ಷಿ ಅಂಥದ್ದನ್ನು ಬರೆದು ಕೊಡಲು ಸಿದ್ಧರಿರಲಿಲ್ಲ. ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು.

ಒಪ್ಪಂದವು ಅರುವತ್ತೆಂಟು ಪುಟಗಳದ್ದು. ಕೂಸಪ್ಪಣ್ಣ ಹೆಂಡತಿಯ ರುಜುವನ್ನು ಅರುವತ್ತೆಂಟು ಸಲ ಹಾಕಿ, ಕೈ ನೋಯುತ್ತದೆಂದು ಎರಡು ದಿನ ರಜೆ ಹೋದರು. ನಲವತ್ತೊಂದನೇ ಪುಟದಲ್ಲಿ ಒಂದು ಕಲಮು ಇತ್ತು. ನೂರು ಗಿರಾಕಿಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ದೂರು ಕೊಟ್ಟು ಕಾರ್ಡಿಗೆ ಹಣ ವಾಪಸು ಪಡೆದರೆ ಮಾರಾಟಗಾರರನ್ನು 'ಅಪಾಯಕಾರಿ ವ್ಯಾಪಾರಿ' ಎಂದು ಘೋಷಿಸಲಾಗುವುದು. ಅಂಥವರಿಗೆ ನೂರಕ್ಕೆ ಆರು ಶುಲ್ಕ. ಮಿಕ್ಕ ಹಣವನ್ನು ನೂರ ಎಂಬತ್ತು ದಿನ ತಡೆಹಿಡಿಯಲಾಗುವುದು.

ಮೇ ತಿಂಗಳಲ್ಲಿ ಹನ್ನೆರಡು ಸಾವಿರ ಕಟ್ಟು ಹಪ್ಪಳ ಹೋಯಿತು. ಪಾರ್ಸೆಲಿನವರು ಅದನ್ನು ಪಾರ್ಸೆಲಿನವರ ಕ್ರಮದಲ್ಲಿ, ಅಂದರೆ ಎಸೆದು, ಲಾರಿಗೆ ತುಂಬಿದರು. ಗಿರಾಕಿಗಳು ಕಟ್ಟು ಬಿಚ್ಚಿ, ಒಡೆದ ಹಪ್ಪಳದ ಫೋಟೋ ತೆಗೆದು, ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸು ಪಡೆದರು. ಆಮೇಲೆ ಹಪ್ಪಳವನ್ನು ಎಣ್ಣೆಗೆ ಬಿಟ್ಟು ತಿಂದರು. ತಿನ್ನಬಾರದೆಂದು ಒಪ್ಪಂದದಲ್ಲಿ ಎಲ್ಲೂ ಇರಲಿಲ್ಲ. ಒಟ್ಟು ದೂರುಗಳು ನಾನೂರ ಹದಿನೆಂಟು.

ಹರಿಣಾಕ್ಷಿ ಪೆಟ್ಟಿಗೆಗಳ ಮೇಲೆ ಚೀಟಿ ಅಂಟಿಸಿದರು. ಕನ್ನಡ, ಮಲಯಾಳ, ತುಳು, ಹಿಂದಿ, ಇಂಗ್ಲಿಷ್ ಐದೂ ಭಾಷೆಗಳಲ್ಲಿ 'ನಿಧಾನ, ಒಡೆಯುವ ವಸ್ತು' ಎಂದಿತ್ತು. ಲೋಡಿಂಗಿನವರು ಐದನ್ನೂ ಓದಿದರು. ಮಲಯಾಳದಲ್ಲಿ ಒಂದು ಅಕ್ಷರ ತಪ್ಪಿದೆ ಎಂದು ಅವರಲ್ಲಿ ಸ್ವಲ್ಪ ಚರ್ಚೆಯಾಯಿತು. ಆಮೇಲೆ ಎಸೆದರು.

ಜೂನ್ ಮೂರರಂದು ಸಂಘವು ಅಪಾಯಕಾರಿ ಎಂದು ಪತ್ರ ಬಂತು.

ಇಪ್ಪತ್ತೆರಡು ಹೆಂಗಸರ ಕೂಲಿ ನಿಂತುಹೋಯಿತು. ಮಳೆ ಹಿಡಿದಿತ್ತು, ಹಲಸಿನ ಕಾಲ ಮುಗಿದಿತ್ತು. ವರ್ಷಕ್ಕೆಲ್ಲ ಆಗುವಷ್ಟು ಒತ್ತಿ ಒಣಗಿಸಿದ ಹಪ್ಪಳ ಡಬ್ಬಗಳಲ್ಲಿತ್ತು, ಮಾರಿದ್ದರ ಹಣ ದ್ರುತಪಾವತಿಯಲ್ಲಿತ್ತು. ಮೋಹಿನಿಯಕ್ಕನ ಮಗಳು ಪೂಜಾಶ್ರೀಗೆ ಪೆರ್ಲದ ಕಡೆಯ ಒಂದು ಸಂಬಂಧ ಕೇಳಿಕೊಂಡು ಬಂದಿತ್ತು. ಹುಡುಗನ ಕಡೆಯವರನ್ನು ಊಟಕ್ಕೆ ಕರೆಯಲು ಕೈಯಲ್ಲಿ ಕಾಸಿಲ್ಲದೆ ಮೋಹಿನಿಯಕ್ಕ, "ಮಳೆ ಕಡಿಮೆ ಆಗಲಿ," ಎಂದು ದಿನ ದೂಡುತ್ತಿದ್ದರು.

"ನನ್ನ ಹಪ್ಪಳ ಅಪಾಯಕಾರಿಯಾ ಹರಿಣಾಕ್ಷಿ?" ಎಂದು ಒಂದು ದಿನ ಮೆಲ್ಲಗೆ ಕೇಳಿದರು. "ಇಷ್ಟು ವರ್ಷದಲ್ಲಿ ಯಾರಿಗೂ ಏನೂ ಆಗಲಿಲ್ಲವಲ್ಲ."

ಹರಿಣಾಕ್ಷಿಗೆ ಕಣ್ಣಲ್ಲಿ ನೀರು ಬಂತು. ಅವರು ಅಲ್ಲಿಂದಲೇ ಈಶ್ವರಪ್ರಸಾದರಿಗೆ ಫೋನು ಮಾಡಿದರು.

"ನೋಡಿ ಮೇಡಂ," ಎಂದರು ಈಶ್ವರಪ್ರಸಾದ, ಕಾಗದ ಮಗುಚುತ್ತಾ. "ಹಪ್ಪಳ ಒಡೆದದ್ದಕ್ಕೆ ನಮ್ಮ ಆಕ್ಷೇಪ ಇಲ್ಲವೇ ಇಲ್ಲ. ದೂರಿನ ಶೀರ್ಷಿಕೆ 'ವಿವರಣೆಗೆ ಹೊಂದದ ಸರಕು'. ನಿಮ್ಮ ವೆಬ್‌ಸೈಟಿನಲ್ಲಿ ಹಪ್ಪಳ ದುಂಡಗೆ ಉಂಟು. ಬಂದದ್ದು ದುಂಡಗೆ ಇಲ್ಲ. ಅಷ್ಟೇ ತಪ್ಪು."

"ಅಂದರೆ, ಒಡೆದ ಹಪ್ಪಳ ಅಂತಲೇ ಬರೆದರೆ?"

"ಒಡೆದದ್ದು ಅಂತ ಬರೆದು, ಒಡೆದದ್ದು ಮುಟ್ಟಿದರೆ, ಅದು ಉತ್ತಮ ಸೇವೆ."

ಅದೇ ದಿನ ವೆಬ್‌ಸೈಟಿನ ಹೆಸರು 'ಸೀತಾಂಗೋಳಿ ಒಡೆದ ಹಲಸಿನ ಹಪ್ಪಳ' ಎಂದಾಯಿತು. ದುಂಡು ಹಪ್ಪಳದ ಚಿತ್ರ ತೆಗೆದು ಚೂರುಗಳ ಚಿತ್ರ ಹಾಕಲಾಯಿತು. ಮಾರಾಟ ಬಿದ್ದುಹೋಗಬಹುದೆಂದು ಎಲ್ಲರೂ ಹೆದರಿದ್ದರು. ದೋಹಾದಲ್ಲಿದ್ದ ಒಬ್ಬರು ಇದು ಹಳೆ ಕಾಲದ ಕ್ರಮ, ನಮ್ಮ ಅಜ್ಜಿ ಒಡೆದೇ ಕೊಡುತ್ತಿದ್ದರು ಎಂದು ಬರೆದರು. ಆರ್ಡರ್ ದಿನಕ್ಕೆ ಐನೂರಕ್ಕೆ ಏರಿತು.

ಆದರೆ ಜುಲೈಯಲ್ಲಿ ಮತ್ತೆ ಪತ್ರ ಬಂತು. ಈ ಸಲ ದೂರುಗಳು ಆರುನೂರ ಎರಡು. ಹರಿಣಾಕ್ಷಿ ಭಯಪಟ್ಟು ಮೇಯಲ್ಲೇ ತರಿಸಿದ್ದ ದಪ್ಪ ರಟ್ಟಿನ ಪೆಟ್ಟಿಗೆಗಳಲ್ಲಿ ಹೋದ ಹಪ್ಪಳ ಎಸೆದರೂ ಒಡೆದಿರಲಿಲ್ಲ. 'ಒಡೆದದ್ದಕ್ಕೆ ಹಣ ಕೊಟ್ಟಿದ್ದೇನೆ, ಇಡಿಯಾದದ್ದು ಬಂದಿದೆ. ಇದು ಮೋಸ' ಎಂದು ಗಿರಾಕಿಗಳು ಫೋಟೋ ಸಮೇತ ಬರೆದಿದ್ದರು. ದುಂಡಗಿನ ಹಪ್ಪಳಗಳ ಆ ಫೋಟೋಗಳು ಬಹಳ ಚೆನ್ನಾಗಿದ್ದವು. ಮೋಹಿನಿಯಕ್ಕ ಅವುಗಳನ್ನು ಒಂದೊಂದಾಗಿ ನೋಡಿ, "ಇದು ನಾನು ಒತ್ತಿದ್ದು," "ಇದೂ ನಾನು ಒತ್ತಿದ್ದು," ಎಂದರು.

ತುರ್ತು ಸಭೆ ಸೇರಿತು. ಪಾರ್ಸೆಲಿನವರನ್ನು ನಂಬಿ ಪ್ರಯೋಜನವಿಲ್ಲ, ಒಡೆಯುವ ಹೊಣೆಯನ್ನು ಸಂಘವೇ ವಹಿಸಿಕೊಳ್ಳಬೇಕು ಎಂದು ತೀರ್ಮಾನವಾಯಿತು. ಮರುದಿನ ಶೆಡ್ಡಿನ ಬಾಗಿಲಲ್ಲಿ ಈ ಪ್ರಕಟಣೆ ಕಾಣಿಸಿತು:

'ಸಂಘದಲ್ಲಿ ಹಪ್ಪಳ ಒಡೆಯುವ ಒಂದು ಹುದ್ದೆ ಖಾಲಿ ಇರುತ್ತದೆ. ಪಾರ್ಸೆಲ್ ಕ್ಷೇತ್ರದಲ್ಲಿ ಐದು ವರ್ಷ ಅನುಭವ ಇರುವವರಿಗೆ ಆದ್ಯತೆ. ಒಡೆಯುವಾಗ ಭಾವೋದ್ವೇಗಕ್ಕೆ ಒಳಗಾಗುವವರು ಅರ್ಜಿ ಸಲ್ಲಿಸಬೇಕಾಗಿಲ್ಲ.'

ಮೊಗ್ರಾಲಿನ ಕುಂಞ ಆಯ್ಕೆಯಾದರು. ಹನ್ನೊಂದು ವರ್ಷ ಲೋಡಿಂಗಿನಲ್ಲಿದ್ದವರು. ಸಂಘದ ಚೀಟಿಯಲ್ಲಿ ಮಲಯಾಳದ ತಪ್ಪು ಹುಡುಕಿದವರೂ ಅವರೇ. ಸಂದರ್ಶನದಲ್ಲಿ ಕೂಸಪ್ಪಣ್ಣ ಒಂದು ಕಟ್ಟು ಕೊಟ್ಟಾಗ ಕುಂಞ ಅದನ್ನು ನೆಲಕ್ಕೆ ಹಾಕಿ, ಅದರ ಮೇಲೆ ಕೂತು, "ಇನ್ನೆಂತ ಮಾಡ್ಬೇಕು?" ಎಂದು ಕೇಳಿದ್ದರು.

ಒಬ್ಬ ಸದಸ್ಯೆ, ಹೇಗೂ ಒಡೆಯುವುದಾದರೆ ದುಂಡಗೆ ಒತ್ತುವುದು ಯಾಕೆ, ಮೊದಲೇ ಚೂರುಚೂರಾಗಿ ಒತ್ತಬಹುದಲ್ಲ ಎಂದರು. ಕೂಸಪ್ಪಣ್ಣ ತಲೆಯಾಡಿಸಿದರು. "ಚೂರಾಗಿ ಒತ್ತಿದರೆ ಅದು ಸಣ್ಣ ಹಪ್ಪಳ ಆಯಿತು ಮಾರಾಯ್ತಿ. ಒಡೆದ ಹಪ್ಪಳ ಆಗುದು ಹೇಗೆ? ವಿವರಣೆಗೆ ಹೊಂದುದಿಲ್ಲ."

ಕುಂಞರ ಕೆಲಸದ ಮೊದಲ ದಿನ ಮೋಹಿನಿಯಕ್ಕ ಸೆರಗಿನಿಂದ ಕಿವಿ ಮುಚ್ಚಿಕೊಂಡು ಶೆಡ್ಡಿನ ಹಿಂದೆ ಹೋಗಿ ನಿಂತರು. ಎರಡನೆಯ ದಿನ ತಲೆನೋವೆಂದು ಬರಲಿಲ್ಲ. ಮೂರನೆಯ ದಿನ ಬಂದು ಬಾಗಿಲಲ್ಲಿ ನಿಂತು ನೋಡಿದರು. ಕುಂಞ ಕೂತು ಎದ್ದ ಕಟ್ಟಿನಲ್ಲಿ ಅರ್ಧ ಪುಡಿಯೇ ಇತ್ತು. ಕೆಲವು ಹಪ್ಪಳ ಒಡೆದೇ ಇರಲಿಲ್ಲ.

ಮೋಹಿನಿಯಕ್ಕನಿಗೆ ಒಡೆಯುವುದು ಸಂಕಟವಾಗಿತ್ತು. ಆದರೆ ಕೆಲಸವನ್ನು ಕೆಟ್ಟದಾಗಿ ಮಾಡುವುದು ಅದಕ್ಕಿಂತ ದೊಡ್ಡ ಸಂಕಟವಾಗಿತ್ತು. ಅವರು ಸ್ವಲ್ಪ ಹೊತ್ತು ತಡೆದರು. ಆಮೇಲೆ ತಡೆಯಲಾಗಲಿಲ್ಲ.

"ಏಳಿ ಅಲ್ಲಿಂದ!" ಎಂದರು. "ಇದೆಂತ ಒಡೆಯುವ ಕ್ರಮವಾ? ಇಲ್ಲಿ ನೋಡಿ. ಹೆಬ್ಬೆಟ್ಟು ನಡುವಿನಲ್ಲಿ. ನಾಲ್ಕು ಬೆರಳು ಅಡಿಯಲ್ಲಿ. ಉಸಿರು ಹಿಡೀಬೇಕು. ಹೀಗೆ."

ಟಕ್ ಎಂದಿತು. ಅಂಗೈಯಲ್ಲಿ ಐದು ತುಂಡುಗಳಿದ್ದವು. ಪುಡಿ ಎಂಬುದು ಚೂರೂ ಇರಲಿಲ್ಲ. ಶೆಡ್ಡಿನಲ್ಲಿದ್ದವರೆಲ್ಲ ಹತ್ತಿರ ಬಂದು ನೋಡಿದರು. ಮೋಹಿನಿಯಕ್ಕನೂ ತನ್ನ ಕೈಯನ್ನು ನೋಡಿಕೊಂಡರು. ಆಮೇಲೆ ಇನ್ನೊಂದು ಹಪ್ಪಳ ತೆಗೆದುಕೊಂಡರು. ಅದೂ ಐದು. ಮಧ್ಯಾಹ್ನದ ಹೊತ್ತಿಗೆ ಅವರು ಮುನ್ನೂರು ಹಪ್ಪಳ ಒಡೆದಿದ್ದರು, ಮೂವತ್ತು ವರ್ಷದಲ್ಲಿ ಮೊದಲ ಸಲ ಕೆಲಸದ ನಡುವೆ ಹಾಡು ಗುನುಗಿದ್ದರು.

ಆ ವಾರವೇ ನಿಯಮಾವಳಿ ಸಿದ್ಧವಾಯಿತು. ಒಂದು ಹಪ್ಪಳ ಮೂರಕ್ಕಿಂತ ಕಡಿಮೆ ಅಥವಾ ಏಳಕ್ಕಿಂತ ಹೆಚ್ಚು ತುಂಡಾಗತಕ್ಕದ್ದಲ್ಲ. ಉಗುರಿಗಿಂತ ಸಣ್ಣದನ್ನು ತುಂಡೆಂದು ಪರಿಗಣಿಸಲಾಗುವುದಿಲ್ಲ. ಒಡೆಯುವ ಮುನ್ನ ಹಪ್ಪಳವು ಸಂಪೂರ್ಣ ದುಂಡಗಿದೆ ಎಂದು ಪರೀಕ್ಷಿಸಿ ರುಜು ಹಾಕತಕ್ಕದ್ದು, ದುಂಡಗಿಲ್ಲದ ಹಪ್ಪಳ ಒಡೆಯಲು ಅನರ್ಹ. ಸಾಗಾಟದಲ್ಲಿ ತುಂಡುಗಳು ಇನ್ನಷ್ಟು ಒಡೆಯದಂತೆ ದಪ್ಪ ರಟ್ಟಿನ ಪೆಟ್ಟಿಗೆ ಬಳಸತಕ್ಕದ್ದು. ಕುಂಞ ಸಹಾಯಕ ಒಡೆಯುವವರಾಗಿ ಮೋಹಿನಿಯಕ್ಕನ ಕೈಕೆಳಗೆ ತರಬೇತಿಗೆ ಸೇರಿದರು.

ಆಗಸ್ಟಿನಲ್ಲಿ ಒಂದೇ ಒಂದು ದೂರು ಬಂತು. ಸೆಪ್ಟೆಂಬರಿನಲ್ಲಿ ಅದೂ ಇಲ್ಲ. ದ್ರುತಪಾವತಿಯು ಸಂಘವನ್ನು 'ನಂಬಿಕಸ್ಥ ವ್ಯಾಪಾರಿ' ಎಂದು ಘೋಷಿಸಿ ತಡೆಹಿಡಿದ ಹಣ ಬಿಟ್ಟುಕೊಟ್ಟಿತು. ಶುಲ್ಕ ಮತ್ತೆ ಎರಡಕ್ಕೆ ಇಳಿಯಿತು. ಅಂದರೆ ತಿಂಗಳಿಗೆ ಎಪ್ಪತ್ತೈದು ಸಾವಿರ. ಅತಿ ಕಡಿಮೆ ಕೊಟೇಶನ್ ಆರಿಸಿದ್ದಕ್ಕಾಗಿ ಆಡಿಟಿನವರು ಕೂಸಪ್ಪಣ್ಣನನ್ನು, ದಾಖಲೆಯಲ್ಲಿ ಅವರ ಹೆಂಡತಿಯನ್ನು, ಅಭಿನಂದಿಸಿದರು.

ಕೂಲಿ ಕೈಗೆ ಬಂದ ಮೇಲೆ ಮೋಹಿನಿಯಕ್ಕ ಪೆರ್ಲದವರನ್ನು ಊಟಕ್ಕೆ ಕರೆದರು. ದೀಪಾವಳಿ ಕಳೆದ ಒಂದು ಭಾನುವಾರ ಹುಡುಗ ರೋಶನ್, ಅವನ ತಾಯಿ ಮತ್ತು ಸೋದರಮಾವ ಚೆನ್ನಯ್ಯ ಬಂದರು. ತೀರ್ಮಾನ ಏನಿದ್ದರೂ ಸೋದರಮಾವನದ್ದು. ಮಗಳ ವಿಷಯವೆಂದು ಮೋಹಿನಿಯಕ್ಕ ತಾವೇ ಒತ್ತಿದ, ಒಡೆಯದ ಹಪ್ಪಳಗಳನ್ನು ಎಣ್ಣೆಗೆ ಬಿಟ್ಟು, ಹುಣ್ಣಿಮೆಯ ಹಾಗೆ ಉಬ್ಬಿದ ಒಂದೊಂದನ್ನು ಎಲೆಗೆ ಬಡಿಸಿದರು.

ಚೆನ್ನಯ್ಯ ಹಪ್ಪಳವನ್ನು ಎರಡೂ ಕೈಯಲ್ಲಿ ಎತ್ತಿ ಆಚೆ ಈಚೆ ತಿರುಗಿಸಿದರು. ಮುಖ ಗಂಭೀರವಾಯಿತು.

"ಇದೆಂತ ಅಕ್ಕ, ಸೆಕೆಂಡ್ಸ್ ಮಾಲಾ?"

ಬಾಗಿಲ ಬದಿಯಲ್ಲಿ ನಿಂತಿದ್ದ ಪೂಜಾಶ್ರೀ ಅಮ್ಮನ ಮುಖ ನೋಡಿದಳು.

"ನಮ್ಮಲ್ಲಿ ಆನ್‌ಲೈನಿಂದ ಒಳ್ಳೆಯದೇ ತರಿಸುದು," ಎಂದು ಚೆನ್ನಯ್ಯ ಬೇಸರದಿಂದ ಹೇಳಿದರು. "ಒಡೆದ ಅಂಚಿಗೆ ಎಣ್ಣೆ ಹಿಡಿದರಲ್ವಾ ಹಪ್ಪಳಕ್ಕೆ ರುಚಿ? ಇಡೀ ಹಪ್ಪಳ ಮರ್ಯಾದಸ್ಥರ ಎಲೆಗೆ ಬಡಿಸ್ತಾರಾ?"

ಮೋಹಿನಿಯಕ್ಕ ನಾಚಿಕೆಯಿಂದ ಕೆಂಪಾದರು. "ತಪ್ಪಾಯಿತು ಅಣ್ಣ, ಗಡಿಬಿಡಿಯಲ್ಲಿ ಹಾಗೇ ಬಂದುಬಿಟ್ಟಿತು," ಎಂದು ಎಲೆಗಳಿಂದ ಹಪ್ಪಳಗಳನ್ನು ಹಿಂದೆ ತೆಗೆದುಕೊಂಡು ಒಳಗೆ ಹೋದರು. ಅಡುಗೆಮನೆಯಿಂದ ಟಕ್, ಟಕ್ ಎಂಬ ಸದ್ದು ಕೇಳಿಸಿತು, ಆಮೇಲೆ ಎಣ್ಣೆಯ ಸದ್ದು. ಮೋಹಿನಿಯಕ್ಕ ಹೊಸದಾಗಿ ತಂದು ಬಡಿಸಿ, ಉಸಿರು ಹಿಡಿದು ನಿಂತರು.

ಚೆನ್ನಯ್ಯ ಬೆರಳಿನಿಂದ ಒಂದೊಂದಾಗಿ ಸರಿಸಿ ತುಂಡುಗಳನ್ನು ಎಣಿಸಿದರು. ಐದು ಇತ್ತು.

"ಮದುವೆ ಜನವರಿಯಲ್ಲಿ ಇಡುವ," ಎಂದರು ಅವರು.