ಐದೇ ಐದು ಕಾಯಿ

ಗಡಿಯಾರ ರಿಪೇರಿಯವನು ಆ ದಿನ ಬೆಳಿಗ್ಗೆ ಅಂಗಡಿ ಸಾಲಿನವರಿಗೆಲ್ಲ ಕೈಮುಗಿದು, "ಇವತ್ತೊಂದು ದಿನ ನನ್ನ ಗಿಡದ ತಂಟೆಗೆ ಬರಬೇಡ್ರಪ್ಪಾ" ಎಂದು ಬೇಡಿಕೊಂಡ. ಅವನು ಕೆಟ್ಟಿದ್ದೇ ಅಲ್ಲಿ. ಅಲ್ಲಿಯವರೆಗೆ ಆ ಕುಂಡದ ಕಡೆ ಯಾರೂ ತಿರುಗಿಯೂ ನೋಡಿರಲಿಲ್ಲ.

ಅದು ಗೇಣುದ್ದದ ಕಾಡುಗಿಡ. ರಸ್ತೆ ಅಗಲ ಮಾಡುವವರು ಗುಡ್ಡದ ಇಳಿಜಾರನ್ನು ಕಡಿದು ಹಾಕುವ ಹಿಂದಿನ ದಿನ ಇವನು ಹೋಗಿ ಬೇರುಸಮೇತ ಎತ್ತಿ ತಂದಿದ್ದ. ಪ್ರತಿ ವರ್ಷ ಒಣಗಿ, ಅದೇ ಬೇರಿನಿಂದ ಮತ್ತೆ ಚಿಗುರುವ ಜಾತಿ. ಎರಡು ವರ್ಷ ಬರೀ ಎಲೆ ತೋರಿಸಿ ಸತಾಯಿಸಿತು. ಮೂರನೇ ವರ್ಷ ಐದು ನೀಲಿ ಹೂವು, ಐದು ಕಾಯಿ. ಸಂಜೆ ಐದಕ್ಕೆ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಬಂದು ಬೀಜ ಒಯ್ಯುವವರಿದ್ದರು. ಬೀಜದ ಸೀಸೆಯ ಮೇಲೆ 'ಸಂಗ್ರಹಿಸಿದವರು' ಎಂದು ಹೆಸರು ಹಾಕುತ್ತಾರಂತೆ, ನೂರು ವರ್ಷ ಜೋಪಾನ ಮಾಡುತ್ತಾರಂತೆ. ಇಪ್ಪತ್ತಾರು ವರ್ಷ ಯಾರ್ಯಾರದೋ ಹೆಸರಿನ ಗಡಿಯಾರ ಬಿಚ್ಚಿದವನಿಗೆ ತನ್ನ ಹೆಸರೂ ಒಂದು ಕಡೆ ಇರಲಿ ಎಂಬ ಆಸೆ ಹುಟ್ಟಿದರೆ ತಪ್ಪೇ? ಕಾಯಿ ಸಂಜೆಯವರೆಗೂ ಗಿಡದಲ್ಲೇ ಮಾಗಲಿ ಎಂದು ಮುಟ್ಟದೆ ಬಿಟ್ಟಿದ್ದ.

ಹನ್ನೊಂದು ಗಂಟೆಗೆ ಬ್ಯಾಂಕಿನವರು ನಿಂತುಹೋದ ಗೋಡೆ ಗಡಿಯಾರ ನೋಡಲು ಕರೆದರು. ಅರ್ಧ ಗಂಟೆಯಲ್ಲಿ ಓಡಿ ಬಂದ. ಯಾರೋ ತೊಳೆದಿಟ್ಟ ಕುಂಡ ಫಳಫಳ ಹೊಳೆಯುತ್ತಿತ್ತು. ಗಿಡದಲ್ಲಿ ಒಂದೇ ಕಾಯಿ ಉಳಿದಿತ್ತು.

"ಚೆನ್ನಾಗಿದೆಯಾ?" ಪಕ್ಕದಂಗಡಿಯ ಟೈಲರ್ ಅಕ್ಕ ಕತ್ತರಿ ಹಿಡಿದೇ ಕೇಳಿದಳು. "ಮೇಡಂ ಬರ್ತಾರಲ್ಲ, ಒಣಗಿದ್ದನ್ನೆಲ್ಲ ಕತ್ತರಿಸಿ ಚೊಕ್ಕ ಮಾಡ್ದೆ. ಹಸಿರಾಗಿದ್ದ ಒಂದನ್ನ ಬಿಟ್ಟಿದೀನಿ."

"ಆ ಒಣಗಿದ್ದರಲ್ಲೇ ಕಣ್ರೀ ಬೀಜ ಇದ್ದಿದ್ದು! ಮುಟ್ಟಬೇಡಿ ಅಂತ ಬಾಯಿ ಬಡ್ಕೊಂಡೆನಲ್ಲ!"

"ಹತ್ರ ಹೋಗಿ ನೋಡದೆ ಏನು ಮುಟ್ಟಬಾರದು ಅಂತ ಹೇಗ್ರೀ ಗೊತ್ತಾಗುತ್ತೆ?"

"ನಿಮ್ಮ ಕತ್ತರಿಗೆ ಬೆಂಕಿ ಬೀಳ! ಎಲ್ಲಿ ಹಾಕಿದ್ರಿ?"

ಅಕ್ಕ ಚಿಂದಿಯ ಮೂಟೆ ತೋರಿಸಿದಳು. ಅವನು ಇಡೀ ಮೂಟೆಯನ್ನು ಜಗಲಿಯ ಮೇಲೆ ಸುರಿದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಮಂಡಿಯೂರಿ ಕೂತ. "ಎಲ್ಲಾ ಈ ಅಕ್ಕನೇ ಕೊಯ್ದಿದ್ದು! ಇವಳೇ!" ಎಂದು ಹೋಗಿಬರುವವರಿಗೆಲ್ಲ ಕೂಗಿ ಹೇಳುತ್ತಿದ್ದ.

ಔಷಧಿ ಅಂಗಡಿಯವನು ಬಂದು ನಾಡಿ ಹಿಡಿದು, "ಊಟ ಆದ್ಮೇಲೆ ಒಂದು ತಗೊಳ್ಳಿ, ತಲೆ ತಣ್ಣಗಾಗುತ್ತೆ" ಎಂದು ಮಾತ್ರೆ ಕೊಟ್ಟ. ಫೋಟೋ ಸ್ಟುಡಿಯೋದವನು "ಹಾಗೇ ಬಗ್ಗಿರಿ, ಬೆಳಕು ಚೆನ್ನಾಗಿದೆ" ಎಂದು ಹಿಂದಿನಿಂದ ಫೋಟೋ ತೆಗೆದ. ಅಷ್ಟಕ್ಕೇ ನಿಲ್ಲಲಿಲ್ಲ, "ಪಾಪ, ಬೆವರ್ತಿದಾರೆ" ಎಂದು ಟೇಬಲ್ ಫ್ಯಾನ್ ತಂದು ಎದುರಿಗಿಟ್ಟು ಹಾಕಿಯೇಬಿಟ್ಟ. ಚಿಂದಿಯೆಲ್ಲ ರಸ್ತೆಗೆ ಹಾರಿತು. ಅದರ ಹಿಂದೆ ಗಡಿಯಾರದವನೂ ಹಾರಿದ. ಸಹಾಯ ಮಾಡುವವರ ಕೈಗೆ ಬೇಡಿ ತೊಡಿಸುವ ಕಾನೂನು ಯಾಕಿಲ್ಲವೋ!

ಊಟಕ್ಕೆ ಬರಲಿಲ್ಲವೆಂದು ಹೆಂಡತಿ ಫೋನ್ ಮಾಡಿ, "ರಾತ್ರಿಗೂ ಆ ಗಿಡದ ಹತ್ರಾನೇ ಊಟ ಕೇಳಿ" ಎಂದಳು. ಇಬ್ಬರು ಗಿರಾಕಿಗಳು ರಿಪೇರಿಗೆ ಕೊಟ್ಟ ವಾಚು ವಾಪಸ್ ಇಸಿದುಕೊಂಡು ಹೋದರು. ನಾಲ್ಕೂವರೆಗೆ ಅಂತೂ ನಾಲ್ಕೂ ಕಾಯಿ ಸಿಕ್ಕವು. ಚಿಮಟದಲ್ಲಿ ಒಂದೊಂದೇ ಬೀಜ ಹೆಕ್ಕಿ ಎಣಿಸಿದ. ನಲವತ್ತೊಂದು. ಅವನ ಕಣ್ಣು ಒದ್ದೆಯಾಯಿತು.

ಮೇಡಂ ಬಂದವರೇ ಗಿಡದಲ್ಲಿದ್ದ ಕಾಯಿ ಒಡೆದು ನೋಡಿದರು. "ಇದು ಎಳಸು, ಉಪಯೋಗವಿಲ್ಲ." ಆಮೇಲೆ ನಲವತ್ತೊಂದನ್ನು ನೋಡಿ ಮುಖ ಅರಳಿಸಿದರು. "ಭಲೇ! ಇವನ್ನ ಮಧ್ಯಾಹ್ನದವರೆಗೂ ಬಿಟ್ಟಿದ್ರೆ ಬಿಸಿಲಿಗೆ ಸಿಡಿದು ಮಣ್ಣುಪಾಲಾಗ್ತಿದ್ವು. ಸರಿಯಾದ ಹೊತ್ತಿಗೆ ಕೊಯ್ದಿದೀರಿ. ಯಾರು ಕೊಯ್ದದ್ದು?"

ಗಡಿಯಾರದವನು ಬಾಯಿ ತೆರೆದ.

"ಟೈಲರ್ ಅಕ್ಕ!" ಎಂದರು ಔಷಧಿಯವನೂ ಸ್ಟುಡಿಯೋದವನೂ ಒಟ್ಟಿಗೆ. "ಬೇಕಿದ್ರೆ ಇವರನ್ನೇ ಕೇಳಿ ಮೇಡಂ. ಬೆಳಿಗ್ಗೆಯಿಂದ ಬೀದಿಗೆಲ್ಲ ಸಾರ್ತಿದಾರೆ."

"ಹಾಗಾದ್ರೆ ಹೆಸರು ಅವರದ್ದೇ" ಎಂದರು ಮೇಡಂ. "ಗಿಡದಿಂದ ಕಾಯಿ ಬಿಡಿಸಿದವರೇ ಸಂಗ್ರಹಿಸಿದವರು. ನಮ್ಮ ನಿಯಮ."

"ಮೂರು ವರ್ಷ ನೀರು ಹಾಕಿದ್ದು ನಾನು ಮೇಡಂ!"

"ಅದಕ್ಕೆ ಕಾಲಂ ಇಲ್ವಲ್ಲ" ಎಂದು ಅವರು ನಿಜಕ್ಕೂ ಮರುಗಿದರು. ಚೀಲದಿಂದ ಸೀಸೆಗೆ ಅಂಟಿಸುವ, ಬೆರಳಿನ ಉಗುರಿನಷ್ಟು ಚೀಟಿ ತೆಗೆದು, ಕನ್ನಡಕ ಏರಿಸಿ ಇಳಿಸಿ, ಕೊನೆಗೆ ಅವನ ಕಡೆಗೇ ಚಾಚಿದರು. "ಇಷ್ಟು ಸಣ್ಣ ಅಕ್ಷರ ನನ್ನ ಕೈಲಾಗಲ್ಲ. ನಿಮ್ಮದು ನಡುಗದ ಕೈ. ಸ್ವಲ್ಪ ಬರೆದುಕೊಡಿ."

ಅವನು ಭೂತಗನ್ನಡಿ ಸಿಕ್ಕಿಸಿಕೊಂಡು ಪೆನ್ನು ತಗೊಂಡ. ಟೈಲರ್ ಅಕ್ಕ ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ನಮ್ಮಪ್ಪನ ಹೆಸರೂ ಸೇರಿಸಿ ಬರೀರಿ. ಇನ್ನೂ ಜಾಗ ಇದೆ."