ಶೇರುವಿನ ಬೂಟಿಗೆ ನಾನು ಸುತ್ತಿದ ಟೇಪು

ನಾಯಿಗೆ ಬೂಟು ತೊಡಿಸುವುದರಲ್ಲಿ ವಿವಾದಕ್ಕೆ ಏನಿದೆ? ಪಾದ ನಾಲ್ಕು, ಬೂಟು ನಾಲ್ಕು, ಟೇಪು ಒಂದು ಸುರುಳಿ. ಮೈಸೂರಿನ ಚರ್ಚಾಸ್ಪರ್ಧೆಗಳಲ್ಲಿ ಹನ್ನೊಂದು ಕಪ್ಪು ಗೆದ್ದವಳಿಗೆ ಇದೊಂದು ವಿಷಯವೇ ಅಲ್ಲ ಎಂದು ನಾನು ದೃಢವಾಗಿ ನಂಬಿದ್ದೆ.

ನಾಯಿ ನನ್ನದಲ್ಲ. ಕಡಲಾಚೆ ಬಂದು ನಾನಿರುವ ಆಬರ್ನ್ ಹಿಲ್ಸ್‌ನ ನಮ್ಮ ಬಡಾವಣೆಯ ಕೊನೆಯ ಮನೆಯ ಮೆಹಬೂಬ್ ಅಂಕಲ್ ಅವರದು. ಹುಬ್ಬಳ್ಳಿಯವರು, ಇಲ್ಲಿ ಟೈರ್ ಅಂಗಡಿ ಇಟ್ಟಿದ್ದಾರೆ. ಚಳಿಗೆ ಮುಂಚೆ ಕಾಡುಕೋಳಿಯಂಥ ಹಕ್ಕಿಗಳ ಬೇಟೆಗೆ ಹೋಗುವುದು ಅವರ ಹವ್ಯಾಸ. ಹಕ್ಕಿ ಅಡಗಿದ ಜಾಗವನ್ನು ಮೂಸಿ ತೋರಿಸುವುದು ಶೇರುವಿನ ಉದ್ಯೋಗ. ಈ ಸಲ ಅಂಕಲ್‌ಗೆ ಮಂಡಿ ಆಪರೇಷನ್. ನಾಯಿಗೆ ಅಭ್ಯಾಸ ತಪ್ಪಬಾರದೆಂದು, ಶನಿವಾರ ಹೊಲದಲ್ಲಿ ಓಡಿಸಿಕೊಂಡು ಬರುತ್ತೀಯಾ ಎಂದು ನನ್ನನ್ನು ಕೇಳಿದರು.

ನಾನು ಒಪ್ಪಿದ್ದು ಸಮಾಜಸೇವೆಗಲ್ಲ. ಈ ಊರಿಗೆ ಬಂದ ಎರಡು ವರ್ಷಗಳಲ್ಲಿ ನಾನು ಗೆದ್ದ ವಾದಗಳು ಹೆಚ್ಚಿದಂತೆ, ನನ್ನನ್ನು ಊಟಕ್ಕೆ ಕರೆಯುವ ಮನೆಗಳು ಕಡಿಮೆಯಾಗಿದ್ದವು. ಒಬ್ಬ ಆಂಟಿಯ ಮನೆಯಲ್ಲಿ ವಾಸ್ತುವನ್ನು ಸಮಗ್ರವಾಗಿ ಖಂಡಿಸಿದೆ. ಅವರು ಆಗಷ್ಟೇ ಅಡುಗೆಮನೆ ಒಡೆಸಿ ಕಟ್ಟಿಸಿದ್ದರಂತೆ! ಶುಕ್ರವಾರ ಆಫೀಸು ಬಿಟ್ಟರೆ ಸೋಮವಾರದವರೆಗೆ ನನ್ನೊಡನೆ ಮಾತನಾಡುತ್ತಿದ್ದುದು ಕಾರಿನ ಮ್ಯಾಪ್ ಒಂದೇ. ಅದೂ ಹೆದ್ದಾರಿಯ ಎಕ್ಸಿಟ್ ಬಂದಾಗ ಮಾತ್ರ. ಈ ಶನಿವಾರ ಸುಸೂತ್ರವಾಗಿ ಮುಗಿದರೆ ಮುಂದಿನ ಶನಿವಾರವೂ ಕರೆದಾರು ಎಂಬ ಆಸೆ ನನ್ನದು.

"ಮೆಕ್ಕೆಜೋಳ ಕೊಯ್ದ ಹೊಲ ಬೇಟಾ. ಕೂಳೆ ಮೊಳೀಗತೆ ಚುಚ್ಚತಾವ," ಎಂದು ಅಂಕಲ್, ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ತಾವೇ ಮಾಡಿದ ನಾಲ್ಕು ಬೂಟು ಕೊಟ್ಟರು. "ಇವನ್ನ ಹಾಕಿ ಮ್ಯಾಲೆ ಟೇಪ್ ಸುತ್ತು. ಬಿಗಿ ಮಾಡಬ್ಯಾಡ. ಒಳಗ ಒಂದು ಬೆರಳು ಹೋಗಬೇಕು."

"ಯಾರ ಬೆರಳು ಅಂಕಲ್? ನಿಮ್ಮದಾ, ನನ್ನದಾ?"

"ಯಾರದರ ಆಗ್ಲಿ!"

"ಸಡಿಲ ಬಿಟ್ರೆ ಕಳಚಿ ಬೀಳುತ್ತೆ. ಕಳಚಿ ಬೀಳೋ ಬೂಟು ಕಾಲನ್ನ ಕಾಪಾಡಲ್ಲ. ಅಂದ್ಮೇಲೆ ಬಿಗಿಯಾಗೇ ಇರ್ಬೇಕು ತಾನೆ?"

ಅವರ ಹೆಂಡತಿ ನಸೀಮಾ ಆಂಟಿ ಒಳಗಿನಿಂದ, "ಹೂಂ ಅಂದುಬಿಡ್ರೀ, ಇಲ್ಲಾಂದ್ರ ಇಲ್ಲೇ ಹೊತ್ತು ಮುಳುಗತದ!" ಎಂದರು. ಅಂಕಲ್ ಹೂಂ ಎಂದರು. ನಾನು ಅದನ್ನು ವಿಜಯವೆಂದು ದಾಖಲಿಸಿಕೊಂಡೆ.

ನಲವತ್ತು ಮೈಲಿ ಆಚೆಯ ಹೊಲದಲ್ಲಿ ಟೇಪನ್ನು ಮೂರು ಸುತ್ತು ಸುತ್ತಿದೆ. ಸಂಶಯ ನಿವಾರಣೆಗಾಗಿ ಇನ್ನೂ ಮೂರು. ಶೇರು ಮೊದಲು ಮಡಿಯುಟ್ಟವರು ಒದ್ದೆ ನೆಲ ದಾಟುವಂತೆ ಒಂದೊಂದೇ ಕಾಲೆತ್ತಿ ನಡೆದ. ಆಮೇಲೆ ಓಡಿದ. ಒಂದು ಬೂಟೂ ಕಳಚಲಿಲ್ಲ! ನನ್ನ ವಾದ ಹೊಲದ ತುಂಬ ಓಡಾಡುತ್ತಿರುವುದನ್ನು ನೋಡಿ ಕಣ್ತುಂಬಿ ಬಂತು.

ಇಪ್ಪತ್ತು ನಿಮಿಷದ ನಂತರ ಅವನು ಗಕ್ಕನೆ ನಿಂತ. ಮುಂಗಾಲು ಎತ್ತಿದ. ಹಕ್ಕಿಯ ಸುಳಿವು ಸಿಕ್ಕರೆ ಬೇಟೆನಾಯಿ ಹಾಗೆ ನಿಲ್ಲುತ್ತದೆಂದು ನಾನು ಓದಿದ್ದೆ. "ಶಭಾಷ್!" ಎಂದು ಪಿಸುಗುಟ್ಟಿ ತುದಿಗಾಲಲ್ಲಿ ಮುಂದೆ ಹೋದೆ. ಹಕ್ಕಿ ಇಲ್ಲ. ಶೇರು ಇನ್ನೊಂದು ಕಾಲು ಎತ್ತಿದ. ಆ ಕಡೆ ಹುಡುಕಿದೆ. ಅಲ್ಲೂ ಇಲ್ಲ. ಆಧಾರವಿಲ್ಲದೆ ಕಾಲೆತ್ತಬಾರದೆಂದು ಅವನಿಗೆ ಸೌಮ್ಯವಾಗಿಯೇ ತಿಳಿಹೇಳಿದೆ. ಅವನು ಮಲಗಿಬಿಟ್ಟ.

ಕುಂಟಿಸಿಬಿಟ್ಟೆನಲ್ಲ! ಐವತ್ತೈದು ಪೌಂಡಿನ ನಾಯಿಯನ್ನು ಎದೆಗವಚಿಕೊಂಡು, ಕಾರು ನಿಂತಿದ್ದ ಕಡೆಗೆ ಅರ್ಧ ಮೈಲಿ ಹೊರಟೆ. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ನಡುದಾರಿಯಲ್ಲಿ ಉಸಿರು ನಿಂತಂತಾಗಿ, ಅವನನ್ನು ಇಳಿಸಿ ಅಂಕಲ್‌ಗೆ ಫೋನ್ ಮಾಡಿದೆ.

"ಅಂಕಲ್, ಮೂರು ಸಾಧ್ಯತೆ ಇದೆ. ಒಂದು, ಮುಳ್ಳು. ಎರಡು, ಉಳುಕು. ಮೂರು..."

"ಟೇಪ್ ಬಿಚ್ಚೀ ಏನ?"

ನಾನು ಮೂರನೆಯ ಸಾಧ್ಯತೆಯನ್ನು ವಿವರಿಸತೊಡಗಿದೆ.

"ಮೊದ್ಲ ಟೇಪ್ ಬಿಚ್ಚ್! ಭಾಷಣ ಆಮ್ಯಾಲೆ!"

ಬಿಚ್ಚಿದೆ. ಶೇರುವಿನ ಕಾಲ್ಬೆರಳುಗಳು ಬೋಂಡಾದಂತೆ ಊದಿಕೊಂಡಿದ್ದವು. ರಕ್ತ ಓಡಾಡಲು ನಾನು ದಾರಿಯನ್ನೇ ಬಿಟ್ಟಿರಲಿಲ್ಲ! ಬರಿಗಾಲಲ್ಲಿ ಕೂಳೆಯ ಮೇಲೆ ನಡೆಸುವಂತಿಲ್ಲ, ಉಳಿದ ಕಾಲು ಮೈಲಿಯೂ ಹೊತ್ತೆ. ಬಿಡುಗಡೆಯಾದ ಸಂತೋಷಕ್ಕೆ ಅವನು ದಾರಿಯುದ್ದಕ್ಕೂ ನನ್ನ ಕೆನ್ನೆ ನೆಕ್ಕಿದ. ಇನ್ನು ಇವನನ್ನು ನನ್ನ ಕೈಗೆ ಕೊಡುವುದಿಲ್ಲ ಎಂಬುದು ಖಚಿತವಾಗಿತ್ತು. ನನಗೆ ಅಳು ಬಂದದ್ದನ್ನು ನೋಡಿದವನು ಅವನೊಬ್ಬನೇ.

ಅಂಕಲ್ ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಒಂದೊಂದೇ ಪಾದ ಹಿಡಿದು, ಬೆರಳ ಸಂದಿಗಳನ್ನು ಒತ್ತಿ ನೋಡಿದರು. ಬಾವು ಇಳಿದಿತ್ತು.

"ಒಂದು ಗಾಯನೂ ಇಲ್ಲ ನೋಡಿ ಅಂಕಲ್. ಅಂದ್ರೆ ರಕ್ಷಣೆಯ ದೃಷ್ಟಿಯಿಂದ..." ಎಂದು ಶುರುಮಾಡಿದೆ.

"ಏ ಹುಡುಗಿ, ಬಾಯಾಗ ಇದನ್ನ ಹಾಕು," ಎಂದು ನಸೀಮಾ ಆಂಟಿ ಚಹಾದ ಜೊತೆ ಬಿಸಿ ಮಿರ್ಚಿ ಭಜಿ ಕೊಟ್ಟರು. ಹಾಕಿಕೊಂಡೆ.

ಅಂಕಲ್ ತಲೆ ಎತ್ತಲಿಲ್ಲ. "ಬರೋ ಶನಿವಾರ ಏಳಕ್ಕ ಬಾ."

"ನಾನಾ?"

"ಕಾರ್ ಓಡಸಾಕ. ಆಂಟಿ ಸಂಗಡ ಬರತಾಳ, ಬೂಟು ಆಕಿ ಹಾಕತಾಳ. ನೀ ಟೇಪ್ ಮುಟ್ಟಬ್ಯಾಡ."

ಇದು ನನ್ನ ಸಾಮರ್ಥ್ಯಕ್ಕೆ ಮಾಡಿದ ಅವಮಾನ. ಖಂಡಿಸಲು ನನ್ನಲ್ಲಿ ಕನಿಷ್ಠ ನಾಲ್ಕು ಪ್ರಬಲ ಅಂಶಗಳಿದ್ದವು. ಭಜಿ ನುಂಗಿ, ಗಂಟಲು ಸರಿಮಾಡಿಕೊಂಡು, ಕೇಳಿದೆ:

"ಆರೂವರೆಗೇ ಬಂದ್ಬಿಡ್ಲಾ ಅಂಕಲ್?"